ಒಂದು ಪಂದ್ಯ, ಸೊನ್ನೆ ನಿಮಿಷ

ನನ್ನ ಎತ್ತರ ಆರು ಅಡಿ ಒಂದು ಇಂಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಭಾನಗಡಿಗೆಲ್ಲ ಈ ಎತ್ತರವೇ ಕಾರಣ. ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಬಂದವರೆದುರು, "ನಮ್ಮ ಮನ್ಯಾಗ ಏಣಿ ಇಲ್ರಿ, ಮಗಳ ಇದ್ದಾಳ" ಎನ್ನುತ್ತಿದ್ದರು. ಇಷ್ಟು ಉದ್ದದ ಹುಡುಗಿ ಬಾಸ್ಕೆಟ್‌ಬಾಲ್ ಆಡದೆ ಇನ್ನೇನು ಮಾಡಬೇಕು? ಕಾಲೇಜಿನಲ್ಲಿ ಆಡಿದೆ. ಮದುವೆಗೆ ಹಿಂದಿನ ವರ್ಷ, ಸಂಬಳ ಕೊಟ್ಟು ಆಡಿಸುವ ಹೆಂಗಸರ ಲೀಗ್ ಶುರುವಾದಾಗ ಪುಣೆಯ ತಂಡದಲ್ಲಿ ನನಗೂ ಒಂದು ಜಾಗ ಸಿಕ್ಕಿತು. ಜೆರ್ಸಿ ನಂಬರ್ ಹದಿನೈದು.

ಅಂದಿನಿಂದ ಇಂದಿನವರೆಗೆ, "ನಾನು ಲೀಗಿನಲ್ಲಿ ಆಡಿದವಳು" ಎಂದು ಹೇಳಿಕೊಂಡು ಬಂದಿದ್ದೇನೆ. ಇದು ಸುಳ್ಳಲ್ಲ. ನಿಜ ಎನ್ನುವುದಕ್ಕೂ ಧೈರ್ಯ ಬೇಕು.

ಆ ಇಡೀ ಸೀಜನ್ ನಾನು ಬೆಂಚಿನ ತುದಿಯಲ್ಲಿ ಕೂತು ಟವೆಲ್ ಮಡಚಿದೆ, ಚಪ್ಪಾಳೆ ತಟ್ಟಿದೆ, ನೀರಿನ ಬಾಟಲಿ ಹಂಚಿದೆ. ಸಿಟ್ಟು ಬರುತ್ತಿರಲಿಲ್ಲವೇ ಎಂದು ಕೇಳಬೇಡಿ, ಮೈಯೆಲ್ಲ ಉರಿಯುತ್ತಿತ್ತು. ಕೊನೆಯ ಪಂದ್ಯದಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ಅಂಕಗಳಿಂದ ಸೋತಿದ್ದೆವು. ಆಟ ಮುಗಿಯುವ ಕ್ಷಣಕ್ಕೆ ಸರಿಯಾಗಿ ಎದುರಾಳಿಯೊಬ್ಬಳು ನಮ್ಮ ಹುಡುಗಿಯನ್ನು ಕೆಡವಿದಳು. ರೆಫರಿ ಎರಡು ಫ್ರೀ ಥ್ರೋ ಕೊಟ್ಟರು, ಅಂದರೆ ಗೆರೆಯ ಹಿಂದೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎರಡು ಸಲ ಬುಟ್ಟಿಗೆ ಎಸೆಯುವ ಅವಕಾಶ. ಆದರೆ ಬಿದ್ದವಳ ಕಾಲು ಉಳುಕಿತ್ತು. ಅವಳ ಬದಲಿಗೆ ಬಂದವಳೇ ಎಸೆಯಬೇಕು ಎಂಬುದು ನಿಯಮ. ಹೇಗೂ ಸೋತಾಗಿದೆ, ಯಾರು ಹೋದರೇನು ಎಂಬ ಮುಖ ಮಾಡಿಕೊಂಡು ಕೋಚ್ ನನ್ನ ಕಡೆ ಕೈ ತೋರಿಸಿದರು.

ಹೋದೆ. ಗಡಿಯಾರ ಆಗಲೇ ಸೊನ್ನೆಗೆ ಬಂದು ನಿಂತಿತ್ತು. ಜನ ಚಪ್ಪಲಿ ಹುಡುಕಿಕೊಂಡು ಏಳುತ್ತಿದ್ದರು. ಮೊದಲ ಎಸೆತ ಬುಟ್ಟಿಯನ್ನೂ ಮುಟ್ಟಲಿಲ್ಲ, ಹಲಗೆಯನ್ನೂ ಮುಟ್ಟಲಿಲ್ಲ, ಗಾಳಿಯಲ್ಲೇ ಹೋಯಿತು. ಎರಡನೆಯದು ಹಲಗೆಯ ಮೂಲೆಗೆ ಬಡಿದು ಎದುರಾಳಿ ಕೋಚಿನ ಚಹಾದ ಕಪ್ಪನ್ನು ಉರುಳಿಸಿತು. ಅಷ್ಟೇ. ಲೀಗಿನ ದಾಖಲೆಯಲ್ಲಿ ನನ್ನ ಇಡೀ ಚರಿತ್ರೆ ಒಂದು ಸಾಲು: ಒಂದು ಪಂದ್ಯ, ಸೊನ್ನೆ ನಿಮಿಷ, ಸೊನ್ನೆ ಅಂಕ. ಮರುವರ್ಷ ತಂಡದವರು ಕರೆಯಲಿಲ್ಲ, ಅಪ್ಪ ಅವ್ವ ಗಂಡು ನೋಡಿದರು.

ಹೆಣ್ಣು ನೋಡಲು ಬಂದವರು ಐದು ಅಡಿ ಎಂಟು ಇಂಚಿನ ಧೈರ್ಯಸ್ಥರು. "ಆಡ್ತಿದ್ರಂತಲ್ಲ?" ಎಂದು ಕೇಳಿದರು. "ಹೂಂರಿ, ಲೀಗಿನ್ಯಾಗ" ಎಂದೆ. ಅವರ ಮುಖ ಅರಳಿದ್ದು ನೋಡಿ ಮುಂದಿನದನ್ನು ಹೇಳಲು ಬಾಯಿ ಬರಲಿಲ್ಲ. ಅದೇ ನಾನು ಮಾಡಿದ ತಪ್ಪು. ಮದುವೆಯಾಯಿತು. ಪುಣೆ ಬಳಿಯ ಚಾಕಣದ ವಾಹನ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮನೆಯವರು ತಮ್ಮ ಶಿಫ್ಟಿನವರಿಗೆಲ್ಲ ನನ್ನ ಪರಾಕ್ರಮ ಸಾರಿದರು. ನಮ್ಮತ್ತೆ ವಾಕಡದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಭಜನಾ ಮಂಡಳಿಗೆ ಸಾರಿದರು. ಅವರ ಬಾಯಲ್ಲಿ ನಾನು ಒಂದೇ ಸೀಜನ್ನಿನಲ್ಲಿ ನೂರು ಬುಟ್ಟಿ ಹಾಕಿದ್ದೆ. ನಾನು ತಿದ್ದಲಿಲ್ಲ. ತಿದ್ದುವುದಿರಲಿ, ಒಮ್ಮೆ ನಾನೇ ನೂರಾ ಹತ್ತು ಎಂದುಬಿಟ್ಟೆ. ಬಾಯಿಗೆ ಏನು ಬಂದಿತ್ತೋ ಆ ದಿನ!

ಇವರೆಲ್ಲ ಏನಾದರೂ ಅಂದುಕೊಳ್ಳಲಿ, ನನಗೆ ಚಿಂತೆಯಿರಲಿಲ್ಲ. ಚಿಂತೆ ಇದ್ದದ್ದು ಮಗಳದು. ಅವಳಿಗೆ ಹದಿಮೂರು ತುಂಬಿದೆ, ಈಗಲೇ ಐದು ಅಡಿ ಒಂಬತ್ತು ಇಂಚು, ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಅವಳ ಕೋಣೆಯ ಗೋಡೆಯ ಮೇಲೆ ಎರಡು ಚಿತ್ರಗಳು. ಒಂದು, ಲೀಗಿನ ಈಗಿನ ದೊಡ್ಡ ಆಟಗಾರ್ತಿಯದು. ಇನ್ನೊಂದು, ಹದಿನೈದನೇ ನಂಬರಿನ ಜೆರ್ಸಿ ತೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ ನನ್ನದು. ಆ ಎರಡನೇ ಚಿತ್ರ ಗೋಡೆಯಿಂದ ಇಳಿಯಬಾರದು. ಜಗತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ.

ಮಗಳ ಪಂದ್ಯಗಳು ಶಾಲೆಯ ವೇಳೆಯಲ್ಲೇ ಬೇರೆ ಬೇರೆ ಕಡೆ ನಡೆಯುತ್ತಿದ್ದುದರಿಂದ ನಾವು ನೋಡಿದ್ದೇ ಇಲ್ಲ. ಆದರೆ ಅವಳು ಹೇಗೆ ಆಡುತ್ತಾಳೆಂಬುದಕ್ಕೆ ಸಾಕ್ಷಿ ಮನೆಗೆ ಬರುತ್ತಿತ್ತು. ಪ್ರತಿ ಪಂದ್ಯದ ದಿನ ಜೆರ್ಸಿ ತೊಯ್ದು ತೊಪ್ಪೆಯಾಗಿರುತ್ತಿತ್ತು. ಮಷೀನನ್ನು ನಂಬದ ನಮ್ಮತ್ತೆ ಅದನ್ನು ಕೈಯಲ್ಲೇ ಒಗೆಯುತ್ತಾ, "ಎಷ್ಟ್ ಬೆವರತದ ನಮ್ಮ ಕೂಸು! ಆದ್ರ ನೋಡ, ಒಂದೀಟರೆ ವಾಸನಿ ಇಲ್ಲ. ಇದು ನಮ್ಮ ಮನೆತನದ ಬೆವರು. ನಿನ್ನ ಗಂಡನ ಬೆವರೂ ಹಿಂಗ ಇತ್ತು" ಎನ್ನುತ್ತಿದ್ದರು. ಗಂಡನ ಅಂಗಿಯ ವಾಸನೆ ಗೊತ್ತಿರುವ ನಾನು ಜೆರ್ಸಿ ಇಸಿದುಕೊಂಡು ಹಗ್ಗಕ್ಕೆ ಹಾಕುತ್ತಿದ್ದೆ. ಆದರೆ ಹಗ್ಗದ ಮೇಲೆ ನೀರು ತೊಟ್ಟಿಕ್ಕುವ ಆ ಜೆರ್ಸಿ ನೋಡಿದಾಗೆಲ್ಲ ಎದೆ ಉಬ್ಬುತ್ತಿತ್ತು, ಒಳಗೆಲ್ಲೋ ಚುಚ್ಚುತ್ತಲೂ ಇತ್ತು. ನನ್ನ ಮಗಳು ನಿಜವಾಗಿ ಓಡುತ್ತಾಳೆ, ನನ್ನ ಹಾಗಲ್ಲ.

ಹೀಗಿರುವಾಗ ಒಂದು ದಿನ ಫೋನ್ ಬಂತು. ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿತ್ತು, ಮಗಳೇ ಸ್ಪೀಕರ್ ಹಾಕಿದಳು. ಲೀಗಿನ ಕಚೇರಿಯ ಹುಡುಗಿ ಮರಾಠಿಯಲ್ಲಿ ಉಲಿದಳು: ಫೈನಲ್ಲಿಗೆ ಮುಂಚೆ ಪುಣೆಯಲ್ಲಿ "ಆಜೀ-ಮಾಜೀ ಖೇಳಾಡೂ" ಪಂದ್ಯ ಇದೆ, ಈಗಿನ ಆಟಗಾರ್ತಿಯರು ಮತ್ತು ಹಿಂದಿನವರು ಎದುರುಬದುರು, ತಾಯೀ, ನೀವು ಬರಲೇಬೇಕು. "ತಪ್ಪಾಗಿ ನನಗೆ ಫೋನ್ ಮಾಡಿದ್ದೀಯಮ್ಮಾ" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ಸೋಫಾದ ಮೇಲೆ ಹತ್ತಿ ಕುಣಿಯತೊಡಗಿದ್ದಳು. "ಅವ್ವಾ! ನೀ ಆಕೀ ಜೋಡಿ ಆಡ್ತೀ!" ಆಕಿ ಎಂದರೆ ಗೋಡೆಯ ಮೇಲಿನ ಆ ದೊಡ್ಡ ಆಟಗಾರ್ತಿ. ಫ್ಯಾನಿಗೆ ತಲೆ ಬಡಿಯದಿದ್ದದ್ದು ಪುಣ್ಯ.

ಮುಂದಿನ ಹತ್ತು ದಿನ ನಾನು ತಪ್ಪಿಸಿಕೊಳ್ಳಲು ಮಾಡದ ಆಟವಿಲ್ಲ. ಮೊಣಕಾಲು ನೋವು ಎಂದೆ. ನಮ್ಮತ್ತೆ ತವೆಯ ಮೇಲೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆ ಮೂರು ಹೊತ್ತು ಕಾವು ಕೊಟ್ಟರು. ಚೆನ್ನಾಗಿದ್ದ ಮೊಣಕಾಲು ಅವರ ಉಪಚಾರದಿಂದಲೇ ನಿಜಕ್ಕೂ ನೋಯತೊಡಗಿತು.

"ಅತ್ತೀ, ಇನ್ನ ಸಾಕ್ರಿ, ಆರಾಮ ಆತು" ಎಂದು ಕೈಮುಗಿದೆ.

"ನೋಡಿದ್ಯಾ? ನನ್ನ ಕೈಗುಣ!" ಎಂದು ಅವರು ಸೊಸೈಟಿಗೆಲ್ಲ ಹೇಳಿಕೊಂಡು ಬಂದರು. ಆ ದಾರಿಯೂ ಮುಚ್ಚಿತು.

ಪಂದ್ಯದ ದಿನ ನಮ್ಮ ಮೆರವಣಿಗೆ ಹೊರಟಿತು. ನಮ್ಮನೆಯವರ ಕೈಯಲ್ಲಿ ಕಾರ್ಖಾನೆಯ ಪೆಟ್ಟಿಗೆ ಕತ್ತರಿಸಿ ಮಾಡಿದ ಫಲಕ, ಅದರ ಮೇಲೆ ದೊಡ್ಡ ಹದಿನೈದು. ಅತ್ತೆಯ ಕೈಯಲ್ಲಿ ಕಟಿರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ. ಮಗಳ ಕೈಯಲ್ಲಿ ನನ್ನ ಕೈ. ಬಿಡಿಸಿಕೊಳ್ಳಲು ಆಗದಷ್ಟು ಬಿಗಿಯಾಗಿ ಹಿಡಿದಿದ್ದಳು.

ಒಳಗೆ ಹೋದ ಮೇಲೆ ಗೊತ್ತಾಯಿತು, ಹಿಂದಿನ ಆಟಗಾರ್ತಿಯರು ಒಬ್ಬೊಬ್ಬರಾಗಿ ಓಡಿ ಬರುವಾಗ ಅವರ ದಾಖಲೆಯನ್ನು ಧ್ವನಿವರ್ಧಕದಲ್ಲಿ ಓದುತ್ತಾರಂತೆ. ಓದುವ ಪುಣ್ಯಾತ್ಮನನ್ನು ಹುಡುಕಿ ಹಿಡಿದೆ. "ದಾದಾ, ನನ್ನದು ಬಿಟ್ಟುಬಿಡು, ಬರೀ ಹೆಸರು ಹೇಳು" ಎಂದು ಮರಾಠಿಯಲ್ಲಿ ಅಂಗಲಾಚಿದೆ. ಅವನು ಹಲ್ಲು ಕಿರಿದು, "ಸಂಕೋಚ ಯಾಕೆ ತಾಯೀ, ಪುಣೆಯವರು ನೀವು, ನಿಮ್ಮದನ್ನು ಎರಡು ಸಲ ಓದುತ್ತೇನೆ" ಎಂದ.

ಮಾತಿಗೆ ತಪ್ಪಲಿಲ್ಲ, ಹಾಳಾದವನು. ನನ್ನ ಮುಂದಿನವಳು ನಾಲ್ಕು ಸೀಜನ್ ಆಡಿದವಳು, ಅವಳ ಅಂಕಿಗಳಿಗೆ ಸಭಾಂಗಣ ಅದುರಿತು. ಆಮೇಲೆ ನಾನು ಓಡಿದೆ. "ನಂಬರ್ ಪಂಧರಾ! ಏಕ ಸಾಮನಾ! ಶೂನ್ಯ..." ಅಲ್ಲಿಗೆ ಬಂದು ಅವನಿಗೇ ಅನುಮಾನ ಬಂತು. ಕಾಗದ ಹತ್ತಿರ ಹಿಡಿದ, ದೂರ ಹಿಡಿದ. "ಶೂನ್ಯ ಮಿನಿಟ. ಶೂನ್ಯ ಗುಣ." ಹೇಳಿದಂತೆ ಎರಡನೇ ಸಲವೂ ಓದಿದ.

ಸಾವಿರ ಜನ ಒಮ್ಮೆಗೇ ತೆಪ್ಪಗಾದರು. ಆ ಮೌನದಲ್ಲಿ ಒಂದೇ ಒಂದು ಗಂಟಲು ಕೇಳಿಸಿತು. "ಏ ತಮ್ಮಾ! ತಪ್ಪ ಓದೀ! ಸೊನ್ನೀ ಮುಂದಿನ ಅಂಕಿ ಬಿಟ್ಟೀ, ಸರ್ತ ನೋಡು!" ನಮ್ಮತ್ತೆ, ಎದ್ದು ನಿಂತು, ರೊಟ್ಟಿಯ ಚೀಲ ಬೀಸುತ್ತಿದ್ದರು. ಭಾಷೆ ತಿಳಿಯದವರಿಗೂ ವಿಷಯ ತಿಳಿಯಿತು. ಇಡೀ ಸಭಾಂಗಣ ಹೋ ಎಂದು ನಕ್ಕಿತು. ನಾನು ಏನು ಮಾಡಲಿ? ಮುಖವೆಲ್ಲ ಬಿಸಿಯಾಗಿತ್ತು, ಆದರೂ ಮದುಮಗಳ ಹಾಗೆ ನಾಲ್ಕು ದಿಕ್ಕಿಗೂ ಕೈಮುಗಿದೆ. ನಗು ಜೋರಾಯಿತು. ಒಂದು ಮುಖ ಮಾತ್ರ ನಗಲಿಲ್ಲ. ಮಗಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಹೋಯಿತು, ಚಿತ್ರ ಗೋಡೆಯಿಂದ ಇಳಿಯಿತು ಅಂದುಕೊಂಡೆ.

ಆಟ ಶುರುವಾಯಿತು. ನಾನೆಲ್ಲಿ? ಬೆಂಚಿನ ತುದಿಯಲ್ಲಿ. ಅಭ್ಯಾಸಬಲದಿಂದ ಟವೆಲ್ ಮಡಚತೊಡಗಿದ್ದೆ. ಆದರೆ ಮಾಜಿಗಳು ನಲವತ್ತರ ಆಚೀಚಿನವರು, ಹತ್ತು ನಿಮಿಷಕ್ಕೆ ಒಬ್ಬೊಬ್ಬರೇ ಏದುಸಿರು ಬಿಡುತ್ತಾ ಬಂದು ಕುಸಿದರು. ಕೊನೆಗೆ ನಮ್ಮ ನಾಯಕಿ ನನ್ನ ಕಡೆ ತಿರುಗಿ, "ಪಂಧರಾ, ಜಾ ಗ!" ಎಂದಳು.

ನಾನು ಕಣಕ್ಕೆ ಇಳಿದೆ, ಗಡಿಯಾರ ಓಡತೊಡಗಿತು. ಇದನ್ನು ಹೇಗೆ ಹೇಳಲಿ? ಕೆಂಪು ಅಂಕಿಗಳು ಒಂದೊಂದಾಗಿ ಬದಲಾಗುತ್ತಿದ್ದವು ಮತ್ತು ನಾನು ಒಳಗಿದ್ದೆ! ಚೆಂಡು ಬಿಟ್ಟು ಗಡಿಯಾರವನ್ನೇ ನೋಡುತ್ತಾ ನಿಂತೆ. ಯಾರೋ ಎಸೆದ ಚೆಂಡು ಬೆನ್ನಿಗೆ ಬಡಿದು ಗೆರೆಯಾಚೆ ಹೋಯಿತು. ಇರಲಿ! ಬೆನ್ನಿಗಾದರೂ ತಾಗಿತಲ್ಲ! ನಗು ಬಂದು ಓಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಮಗಳ ಗೋಡೆಯ ಮೇಲಿನ ಆ ದೊಡ್ಡ ಆಟಗಾರ್ತಿ ಚೆಂಡು ಬಡಿಯುತ್ತಾ ನೇರ ನನ್ನ ಮೇಲೆ ಬಂದಳು. ಎಡಕ್ಕೆ ಹೋಗುವಂತೆ ಮಾಡಿ ಬಲಕ್ಕೆ ಹೊರಳಿದಳು. ನಾನು ಎಡಕ್ಕೂ ಹೋದೆ, ಬಲಕ್ಕೂ ಹೋದೆ, ಕೊನೆಗೆ ಎರಡೂ ಕೈಯಲ್ಲಿ ಅವಳನ್ನು ಬಾಚಿ ತಬ್ಬಿಕೊಂಡೆ. ಇಬ್ಬರೂ ದೊಪ್ಪೆಂದು ಬಿದ್ದೆವು. ಸೀಟಿ ಮೊಳಗಿತು. ಫೌಲ್, ನಂಬರ್ ಹದಿನೈದು!

ಫೌಲ್ ಮಾಡಿದವರು ಕೈ ಎತ್ತಬೇಕೆಂದು ನಮಗೆ ಕಲಿಸಿದ್ದರು. ನಾನು ಎರಡೂ ಕೈ ಎತ್ತಿದೆ. ಎದ್ದವಳೇ ಅಂಕ ಬರೆಯುವವರ ಮೇಜಿಗೆ ಓಡಿ, "ಬರೆದಿರಾ? ನನ್ನ ಹೆಸರಿಗೇ ಬರೆದಿರಾ?" ಎಂದು ಕೇಳಿದೆ. "ಲಿಹಿಲಂ ತಾಯೀ, ಲಿಹಿಲಂ" ಎಂದು ಅವರು ಹಾಳೆ ತಿರುಗಿಸಿ ತೋರಿಸಿದರು. ನೆಲದ ಮೇಲೆ ಕೂತಿದ್ದ ಆ ದೊಡ್ಡ ಆಟಗಾರ್ತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಮ್ಮತ್ತೆಗೆ ಫೌಲ್ ಎಂದರೇನೆಂದು ಗೊತ್ತಿಲ್ಲ, ಪಕ್ಕದವರಿಗೆಲ್ಲ ರೊಟ್ಟಿ ಹಂಚಿಬಿಟ್ಟರು.

ಪಂದ್ಯ ಮುಗಿದು ಹೊರಗೆ ಬಂದಾಗ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಕುಣಿತವೆಲ್ಲ ಅಲ್ಲೇ ಇಳಿಯಿತು. ಪಕ್ಕದಲ್ಲಿ ಕೂತೆ.

"ಅವ್ವಾ, ಇಡೀ ಸೀಜನ್ ಬೆಂಚಿನ ಮ್ಯಾಲೇನ?"

"ಇಡೀ ಸೀಜನ್. ಕಡೀಕೆ ಎರಡು ಫ್ರೀ ಥ್ರೋ ಒಗದೆ. ಎರಡೂ ಹೋದ್ವು." ಅವಳ ಕೈ ಹಿಡಿದೆ. "ನಿನಗ ಸುಳ್ಳ ಹೇಳಿದೆ. ತಪ್ಪಾತವಾ."

ಅವಳು ಮುಖ ತಗ್ಗಿಸಿದಳು. ಅಳುತ್ತಾಳೆ ಅಂದುಕೊಂಡೆ. "ನಾನೂ" ಎಂದಳು. "ನನ್ನೂ ಒಂದ ಮ್ಯಾಚಿಗೂ ಇಳಿಸಿಲ್ಲ. ನಿನ್ನ ಮಗಳಾಗಿ ಬೆಂಚಿನ ಮ್ಯಾಲೆ ಕೂಡ್ತೀನಿ ಅಂತ ಹೆಂಗ ಹೇಳ್ಲಿ?"

"ಮತ್ತ ಆ ಜೆರ್ಸಿ? ಅಷ್ಟ್ ಬೆವರು?"

"ಬಾಟ್ಲಿ ನೀರ. ಬಾಥ್‌ರೂಮಿನಾಗ ಸುರಕೊಂಡ ಬರ್ತಿದ್ದೆ."

ನಾನು ಅವಳ ಮುಖ ನೋಡಿದೆ. ಆಮೇಲೆ ನನಗೆ ಹತ್ತಿದ ನಗು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು, ಉಸಿರಿಗೆ ಜಾಗವಿಲ್ಲ. ಯಾಕೆಂದರೆ ಆ ಸೀಜನ್ನಿನಲ್ಲಿ ನಾನೂ, ಪ್ರತಿ ಪಂದ್ಯದ ದಿನ, ಆಡಿದೆಯೋ ಇಲ್ಲವೋ ಎಂದು ನಮ್ಮವ್ವ ಕೇಳಬಾರದೆಂದು ಬಾಟಲಿಯ ನೀರನ್ನು ಕೊರಳಿನಿಂದ ಕೆಳಕ್ಕೆ ಸುರಿದುಕೊಂಡೇ ಮನೆಗೆ ಹೋಗುತ್ತಿದ್ದೆ. ಇದನ್ನು ಈವರೆಗೆ ಒಬ್ಬರಿಗೂ ಹೇಳಿರಲಿಲ್ಲ. ಈಗ ಹೇಳಿದೆ. ಮಗಳು ಅಳುತ್ತಲೇ ನಕ್ಕಳು, ನಗುತ್ತಲೇ ನನ್ನ ತೊಡೆಯ ಮೇಲೆ ಬಿದ್ದಳು. ನಾನು ಇಷ್ಟು ಹತ್ತಿರದಿಂದ ನೋಡಿಯೂ ಆ ಒದ್ದೆ ಜೆರ್ಸಿಯ ಗುಟ್ಟು ತಿಳಿಯದೆ ಹೋದೆನಲ್ಲ, ಎಂಥ ಪೆದ್ದಿ ನಾನು!

ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಮ್ಮತ್ತೆ ಖಾಲಿ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಕೇಳಿದರು: "ಅಂದ್ರ, ಇಷ್ಟ ದಿನ ನಾ ಬರೇ ನೀರ ಒಗದೆ ಏನು?"

ಮುಂದಿನ ವಾರ ಮಗಳದೊಂದು ಪಂದ್ಯವಿತ್ತು. ಸಂಜೆ ಬಾಗಿಲು ತೆರೆದಾಗ ಅವಳು ಒಣ ಜೆರ್ಸಿಯಲ್ಲೇ ಒಳಗೆ ಬಂದಳು.