ಹಿಂದಿನ ಗಾಡಿ ಕಾಣುವಷ್ಟು ವೇಗ

ಅಲ್ಲ, ಆ ಕಾರು ಕೆಂಪಗಿರಲಿಲ್ಲವೇನೋ. ಕೆಂಪು ಎಂದು ಬರೆದ ಕೂಡಲೇ ಅದು ನೆನಪಿನಲ್ಲೂ ಕೆಂಪಾಗಿಬಿಡುತ್ತದೆ. ಅದಕ್ಕೇ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ನಂಬುವುದು ಇಷ್ಟು: ಮುಧೋಳದ ನಮ್ಮ ಮನೆಯ ಪಡಸಾಲೆಯಲ್ಲಿ ಟಿವಿ, ಟಿವಿಯೊಳಗೆ ಎರಡು ಕಾರು. ಒಂದನ್ನು ಅಪ್ಪ ಓಡಿಸುತ್ತಿದ್ದ, ಇನ್ನೊಂದನ್ನು ಕಂಪ್ಯೂಟರ್.

ಅಪ್ಪ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು. ಲಕ್ವಾ ಹೊಡೆದು ಬಲಗೈ ಸೋತಿತ್ತು. ಬೆರಳು ಆಡದಿದ್ದರೆ ಮತ್ತೆ ಟ್ರ್ಯಾಕ್ಟರ್ ಹತ್ತುವ ಮಾತಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜಮಖಂಡಿಯ ಡಾಕ್ಟರು ಹಿಚುಕಲಿಕ್ಕೆ ಮೆತ್ತನೆಯ ಚೆಂಡು ಕೊಟ್ಟಿದ್ದರು. “ಇದನ್ನ ನಾಯಿಗಿ ಕೊಡ್ರಿ” ಎಂದು ಅಪ್ಪ ಅದನ್ನು ಅಂಗಳಕ್ಕೆ ಎಸೆದಿದ್ದ, ಎಡಗೈಯಿಂದ.

ಆಮೇಲೆ ನನ್ನ ಗೇಮಿನ ರಿಮೋಟನ್ನು ಅವನ ಕೈಗಿಟ್ಟೆ. ಅದರಲ್ಲಿ ಎಕ್ಸಿಲರೇಟರ್ ಎಂದರೆ ಬಲಗೈ ತೋರುಬೆರಳಿಗೆ ಸಿಗುವ ಗುಂಡಿ, ಒತ್ತಿದಷ್ಟು ವೇಗ. ಎದುರಾಳಿಯ ವೇಗವನ್ನೂ ನಾವೇ ಇಡಬಹುದು. ಹೆಚ್ಚಿಟ್ಟರೆ ಅವನು ಕಣ್ಮರೆಯಾಗುತ್ತಾನೆ, ಅಪ್ಪ ಬೇಸತ್ತು ರಿಮೋಟು ಕೆಳಗಿಡುತ್ತಾನೆ. ಕಮ್ಮಿಯಿಟ್ಟರೆ ಅಪ್ಪ ಗೆದ್ದು ಆಕಳಿಸುತ್ತಾನೆ. ಹಾಗಾಗಿ ಅಪ್ಪ ಚಹಾ ಕುಡಿಯುವಾಗ ನಾನು ಪರದೆಯಲ್ಲಿ ಎದುರಾಳಿಯ ವೇಗ ಹೊಂದಿಸುವ ಗೆರೆಯನ್ನು ಒಂಚೂರು ಆಚೆ, ಒಂಚೂರು ಈಚೆ ಸರಿಸುತ್ತಿದ್ದೆ.

ಒಮ್ಮೆ ಗೇಮಿನಲ್ಲಿ ಇನ್ನೊಂದು ಆಯ್ಕೆ ಕಂಡಿತು: ಎದುರಾಳಿ ನಮ್ಮನ್ನು ನೋಡಿ ತನ್ನ ವೇಗವನ್ನು ತಾನೇ ಹೊಂದಿಸಿಕೊಂಡು ಜೊತೆಗೇ ಬರುವುದು. ಅದನ್ನು ಹಾಕಿದೆ. ಪರದೆಯ ಮೇಲೆ ಘಾಟಿನ ರಸ್ತೆ. ಅಪ್ಪ ಮುಂದಿದ್ದ. ಏರು ಬಂತು. ಅಪ್ಪ ಪರದೆಯ ಕಾರಿನ ಕನ್ನಡಿ ನೋಡಿ ವೇಗ ಇಳಿಸಿದ. ಹಿಂದಿನ ಕಾರೂ ಇಳಿಸಿತು. ಅಪ್ಪ ಇನ್ನೂ ಇಳಿಸಿದ. ಅದೂ. ಎರಡು ರೇಸ್ ಕಾರುಗಳು ಚಕ್ಕಡಿಯಂತೆ ತೆವಳತೊಡಗಿದವು.

“ಯಪ್ಪಾ, ಒತ್ತೋ! ರೇಸ್ ಐತಿ ಇದು!” ಎಂದು ಕೂಗಿದೆ.

“ಸುಮ್ನಿರ ಬೇ. ಅಂವನ ಗಾಡಿ ಏರ ಹತ್ತವಲ್ತು. ಬಿಟ್ಟ ಹೆಂಗ ಹೋಗ್ಲಿ?”

ಒಳಗಿನಿಂದ ಅವ್ವ ಕೂಗಿದಳು: “ಟಿವ್ಯಾಗಿನ ಗಾಡಿಗೂ ಸರಪಳಿ ಕಟ್ಟತಾರ ನೋಡ ನಿಮ್ಮಪ್ಪ!”

ಕಬ್ಬಿನ ಎರಡು ಟ್ರಾಲಿ ಎಳೆಯುವಾಗ ಏರಿನಲ್ಲಿ ಎಂಜಿನ್ನು ಮೂತಿ ಎತ್ತುತ್ತದೆ. ಆಗ ಮುಂದಿನ ಟ್ರ್ಯಾಕ್ಟರಿನವನು ಸರಪಳಿ ಕಟ್ಟಿ ಎಳೆಯಬೇಕು. ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣದೆ ಏರು ದಾಟುವ ರೂಢಿ ಕಬ್ಬಿನ ಗಾಡಿಯವರಲ್ಲಿಲ್ಲ. ಟಿವಿಯೊಳಗೂ ಅಪ್ಪ ಆ ರೂಢಿ ಬಿಟ್ಟಿರಲಿಲ್ಲ. ಯಂತ್ರ ಇವನಿಗಾಗಿ ಕಾಯುತ್ತಿತ್ತು, ಇವನು ಯಂತ್ರಕ್ಕಾಗಿ.

ನಾನು ನಗುತ್ತಲೇ ಅವನ ಬೆರಳು ನೋಡಿದೆ. ಹಾಗೆ ತೆವಳಬೇಕಾದರೆ ಗುಂಡಿಯನ್ನು ಪೂರ್ತಿ ಒತ್ತುವಂತಿಲ್ಲ, ಬಿಡುವಂತೆಯೂ ಇಲ್ಲ, ಅರ್ಧಕ್ಕೆ ಹಿಡಿದಿರಬೇಕು. ಬೆರಳು ನಡುಗುತ್ತಿತ್ತು, ಆದರೆ ಹಿಡಿದಿತ್ತು. ಆ ನಡುಕ ಅಂದಿನದೋ, ಬೇರೆ ಯಾವುದೋ ದಿನದ್ದನ್ನು ತಂದು ಇಲ್ಲಿ ಜೋಡಿಸಿದ್ದೇನೋ, ಹೇಳಲಾರೆ. ಅವತ್ತಿನಿಂದ ಗೆಲ್ಲುವ ಗೊಡವೆ ಬಿಟ್ಟು ಇಬ್ಬರನ್ನೂ ಏರಿನ ರಸ್ತೆಗೇ ಬಿಡುತ್ತಿದ್ದೆ.

ಈ ಹಂಗಾಮಿಗೆ ಅಪ್ಪ ಮತ್ತೆ ಟ್ರ್ಯಾಕ್ಟರ್ ಹತ್ತಿದ್ದಾನೆ, ಸದ್ಯಕ್ಕೆ ಒಂದೇ ಟ್ರಾಲಿ. ಟಿವಿಯೊಳಗಿನ, ಮುಖವೇ ಇಲ್ಲದ ಆ ಡ್ರೈವರನಿಗೆ ಧನ್ಯವಾದ ಹೇಳುವ ದಾರಿ ನನಗೆ ತಿಳಿಯದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಬ್ಬಿನ ರಸ್ತೆಯಲ್ಲಿ ಕಾಯುವುದನ್ನು ಅಪ್ಪನಿಗೆ ಕಲಿಸಿದವರಿಗೂ ಇದು ಸಲ್ಲುತ್ತದೆ.

ಮೊದಲ ದಿನ ಹೊರಡುವಾಗ ಅಪ್ಪ ಬಾಗಿಲಲ್ಲಿ ನಿಂತು ಟಿವಿಯ ಕಡೆ ಕೈ ಮಾಡಿ ಅಂದ: “ಅಂವಗ ಇನ್ನ ಜೋರ್ ಹೋಗ ಅನ್ನ ಬೇ. ನೀ ಹೇಳಿದ್ರ ಕೇಳ್ತಾನ.”

ಎದುರಾಳಿಯ ವೇಗದ ಗೆರೆ ಸರಿಸುತ್ತಿದ್ದುದನ್ನು ನಾನು ಅವನಿಗೆ ಹೇಳಿರಲಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತೋ, ಬರೀ ಚೇಷ್ಟೆಗೆ ಅಂದನೋ, ನನಗೆ ಗೊತ್ತಿಲ್ಲ.