ಮಾದಪ್ಪ ಎಡಕ್ಕೆ ಕೊಟ್ಟ ಹೂ

ಮಾದಪ್ಪನ ಒಕ್ಕಲಿನವರಿಗೆಲ್ಲ ಪುಣಜನೂರಿನ ಸೊಸೆಯೊಬ್ಬಳ ಶರಣು. ಕಳೆದ ಮಾಗಿಯಲ್ಲಿ ನನ್ನ ಎರಡು ವರ್ಷದ ಮಗಳು ಗೌರಿಗೆ ಜ್ವರ, ಕೆಮ್ಮು ಹತ್ತಿತು. ಹಾಲನ್ನೂ ಒಲ್ಲೆ ಎಂದಳು. ಉಸಿರಿನ ಜೊತೆ ಗೊರಗೊರ ಸದ್ದು. ಗುಂಡ್ಲುಪೇಟೆಯಲ್ಲಿ ಲಾರಿ ಓಡಿಸುವ ನನ್ನ ಗಂಡ ತರಕಾರಿ ಲೋಡಿನ ಜೊತೆ ಕೇರಳಕ್ಕೆ ಹೋಗಿದ್ದರು.

ನಮ್ಮತ್ತೆಗೆ ಯಾವುದಕ್ಕೂ ಮಾದಪ್ಪನ ಅಪ್ಪಣೆ ಬೇಕು. ಅವನ ಮುಡಿಗಿಟ್ಟ ಹೂ ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ. ಸೋಮವಾರ ಬೆಳಿಗ್ಗೆ ಗುಡಿಯಲ್ಲಿ ಕೇಳಿಯೇಬಿಟ್ಟರು. "ಬರೀ ನೆಗಡಿ ಅಲ್ವಾ ನನ್ನಪ್ಪಾ? ಅಂಗಿದ್ರೆ ಬಲ್ಗಡೆ ಕೊಡು."

ಹೂ ಎಡಗಡೆಯಿಂದ ಉರುಳಿತು. ನನಗೆ ಸಿಟ್ಟು ನೆತ್ತಿಗೇರಿತು. "ಕೂಸಿನ ವಿಷ್ಯದಲ್ಲೂ ಎಡವಟ್ಟು ಮಾತಾ ನಿಂದು? ಇಟ್ಕೊ ನಿನ್ ಊವ ನೀನೇಯಾ!" ಎಂದುಬಿಟ್ಟೆ. ಬಿದ್ದ ಹೂವನ್ನು ಎತ್ತಿಕೊಳ್ಳಲೂ ಇಲ್ಲ.

ಅವತ್ತು ಅಂಗನವಾಡಿ ಮುಂದೆ ಒಂದು ಜೀಪು ನಿಂತಿತ್ತು. ಅದರಲ್ಲಿ ಬಂದ ನರ್ಸಮ್ಮನೂ ಜೊತೆಯವರೂ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದಿದ್ದರು. ಮೂಗಿಗೆ ಕಡ್ಡಿ ಹಾಕಿ ತೆಗೆದದ್ದನ್ನು ಅದಕ್ಕೆ ಕೊಟ್ಟರೆ ಫ್ಲೂ ಗೀ ಇದೆಯೋ ಇಲ್ಲವೋ ಅಲ್ಲೇ ಹೇಳುತ್ತದಂತೆ. ನಮ್ಮಂಥ ಕಾಡಂಚಿನ ಊರುಗಳಲ್ಲಿ ಅದು ನಿಜ ಹೇಳುತ್ತದೋ ಎಂದು ನೋಡಲು ಬಂದಿದ್ದರು. ಅದಕ್ಕೇ ಒಬ್ಬೊಬ್ಬರಿಗೂ ಎರಡು ಕಡ್ಡಿ: ಒಂದು ಪೆಟ್ಟಿಗೆಗೆ, ಇನ್ನೊಂದು ಚಾಮರಾಜನಗರದ ಲ್ಯಾಬಿಗೆ. ನಾನೂ ಅತ್ತೆಯೂ ಗೌರಿಯನ್ನು ಕರೆದೊಯ್ದೆವು. "ಪರೀಕ್ಷೆ ನಿಮ್ ಮಗೂಗಲ್ಲ ಕಣಮ್ಮ, ಈ ಪೆಟ್ಟಿಗೆಗೆ," ಎನ್ನುತ್ತಲೇ ನರ್ಸಮ್ಮ ಅವಳ ಮೂಗಿಗೂ ಕಡ್ಡಿ ಹಾಕಿದರು.

ಪೆಟ್ಟಿಗೆ ಏನೂ ಇಲ್ಲ ಎಂದಿತು. ನನಗೆ ಹೋದ ಜೀವ ಬಂತು. "ನಿಮ್ಮಾದಪ್ಪನಿಗಿಂತ ಇದೇ ವಾಸಿ ಕಣತ್ತೆ" ಎಂದು ಮಗುವನ್ನು ಸೊಂಟಕ್ಕೇರಿಸಿ ಹೊರಟೆ. ನರ್ಸಮ್ಮ ತಡೆದು ಗೌರಿಯ ಅಂಗಿ ಎತ್ತಿ ತೋರಿಸಿದರು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. "ಪೆಟ್ಟಿಗೆ ಏನಾದ್ರೂ ಹೇಳ್ಲಿ, ಪಕ್ಕೆ ನೋಡಿ. ಜೀಪಲ್ಲೇ ಆಸ್ಪತ್ರೆಗೆ ಹೋಗನ ಬನ್ನಿ."

ನಾನು ಹಿಂದೆಮುಂದೆ ನೋಡಿದೆ. ಯಂತ್ರವೇ ಇಲ್ಲ ಎಂದಮೇಲೆ ಯಾಕೆ? ಅತ್ತೆ ಗದರಿದರು. "ಬರೀ ನೆಗಡಿ ಅಲ್ಲ ಅಂತ ಮಾದಪ್ಪ ಬೆಳಗ್ಗೇನೇ ಅಂದವ್ನೆ ಕಣಮ್ಮಿ! ನಡಿ, ಜೀಪತ್ತು!"

ನಾನು ಜೀಪು ಹತ್ತಿದೆ. ಹೌದಲ್ಲ! ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿದ್ದ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ, ಲ್ಯಾಬಿನ ಮಾತಿಗೆ ಕಾಯದೆ ಔಷಧ ಶುರು ಮಾಡಿದರು. ಮರುದಿನ ಇನ್ನೊಂದು ಕಡ್ಡಿಯ ಉತ್ತರ ಬಂತು: ಫ್ಲೂ. "ಮನೇಲೇ ಇಟ್ಕೊಂಡಿದ್ರೆ ಕಷ್ಟ ಆಗೋದು," ಎಂದರು ಡಾಕ್ಟರು. ಗೌರಿ ಕಣ್ಣು ಬಿಟ್ಟು "ಅಮ್ಮಾ, ಬನ್ನು ಬೇಕು" ಎಂದಾಗ ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.

ನರ್ಸಮ್ಮ ನೋಡಲು ಬಂದಾಗ ಅತ್ತೆ ಬಿಡಲಿಲ್ಲ. "ನಿಮ್ ಪೆಟ್ಗೆ ಫೇಲು, ನಮ್ಮಾದಪ್ಪ ಪಾಸು!"

"ಅದಕ್ಕೇ ಅಲ್ವಾ ಅಜ್ಜಿ ಎರಡು ಕಡ್ಡಿ ತಗೊಂಡಿದ್ದು? ತಪ್ಪು ಸಿಕ್ಕಿದ್ರೇನೇ ಸರಿ ಮಾಡೋಕಾಗೋದು," ಎಂದು ಅವರೂ ನಕ್ಕರು. ಆ ತಾಯಿಯನ್ನೂ ಆ ಜೀಪನ್ನೂ ಅದೇ ಸೋಮವಾರ ನಮ್ಮೂರಿಗೆ ಕಳಿಸಿದವನು ಯಾರೆಂದು ನನಗೀಗ ಯಾರೂ ಹೇಳಬೇಕಾಗಿಲ್ಲ.

ಬಸ್ಸಿಳಿದವಳೇ ಗೌರಿಯನ್ನು ಎತ್ತಿಕೊಂಡು ಗುಡಿಗೆ ಹೋದೆ. ಏನೂ ಕೇಳಲಿಲ್ಲ. ಕೈಮುಗಿದು ನಿಂತಿದ್ದಾಗ ಎಡಗಡೆಯಿಂದಲೇ ಒಂದು ಹೂ ಜಾರಿತು. ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದುಕೊಂಡೆ.