ದೀಪ ಹಚ್ಚುವಾಗ ಹಿತ್ತಿಲ ಬಾಗಿಲು

ಸತ್ತವರು ಬರುತ್ತಾರೆ ಎನ್ನುವ ಮಾತನ್ನು ನಾನು ಯಾವತ್ತೂ ನಂಬಿದವಳಲ್ಲ. ನನ್ನ ತವರು ಅಂತರಸಂತೆ ಕಡೆ. ಕಾಡಿನ ಅಂಚಿನಲ್ಲಿ ಬೆಳೆದ ನಮಗೆ ಆನೆಯ ಭಯವಿತ್ತು, ದೆವ್ವದ ಭಯವಿರಲಿಲ್ಲ. ಯಾರಾದರೂ ಅಂಥ ಕತೆ ಹೇಳಿದರೆ ಸೆರಗನ್ನು ಬಾಯಿಗೆ ಹಿಡಿದು ನಗುತ್ತಿದ್ದೆ. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ, ಮಕ್ಕಳೇ.

ಮೊನ್ನೆ ಚಿನ್ನು ಕೇಳಿದಳು: "ಅಜ್ಜಿ, ಎಲ್ಲಾರ ಮನೇಲೂ ದೀಪ ಹಚ್ಚೋವಾಗ ಹಿತ್ತಿಲ ಬಾಗ್ಲು ಹಾಕ್ತಾರೆ. ನೀನ್ಯಾಕೆ ತೆಗ್ದು ಮಡಗ್ತೀಯ?"

"ಹೊಗೆ ಹೋಗ್ಲಿ ಅಂತ ಕಣವ್ವ" ಎಂದೆ. ಅದು ಸುಳ್ಳು. ಈ ವಿಷಯ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆಯುವುದು ಸ್ವಲ್ಪ ಸುಲಭ. ಊರ ಸ್ಕೂಲಿನಲ್ಲಿ ಕಲಿತ ಅಕ್ಷರ ಇಷ್ಟಕ್ಕೆ ಸಾಕು.

ಕಂಪಲಾಪುರದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆ ಮೊದಲು ಕಲಿಸಿದ್ದೇ ಇದು. ಸಂಜೆ ದೀಪ ಹಚ್ಚುವ ಮುಂಚೆ ಮುಂಬಾಗಿಲು ತೆರೆಯಬೇಕು, ಹಿತ್ತಿಲ ಬಾಗಿಲು ಮುಚ್ಚಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದು. ದೀಪ ಹತ್ತಿ ಕೈಮುಗಿಯುವ ತನಕ ಯಾರು ಕೂಗಿದರೂ ಆ ಬಾಗಿಲು ತೆಗೆಯುವಂತಿಲ್ಲ.

ಹೊಲವೂ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನೂ ಮನೆಯ ಹಿಂದೆಯೇ ಇರುವುದರಿಂದ ನಿಮ್ಮ ತಾತ ಯಾವಾಗಲೂ ಹಿತ್ತಿಲಿಂದಲೇ ಬರುತ್ತಿದ್ದರು. ಬೇಸಿಗೆಯಲ್ಲಿ ಬೆಳಕಿರುವಾಗಲೇ ಒಳಗೆ ಸೇರಿರುತ್ತಿದ್ದರು. ಕಾರ್ತಿಕ ಕಳೆದು ಹೊತ್ತು ಬೇಗ ಮುಳುಗತೊಡಗಿದರೆ ಮಾತ್ರ, ಅವರು ಬರುವ ಗಳಿಗೆಗೆ ಸರಿಯಾಗಿ ನಾನು ಬಾಗಿಲು ಹಾಕಿರುತ್ತಿದ್ದೆ.

"ಅಮ್ಮೀ, ಲಕ್ಷ್ಮೀನ ಒಳಕ್ಕೆ ಕರ್ಕಳಕ್ಕೆ ಗಂಡನ್ನ ಆಚೆ ನಿಲ್ಲುಸ್ತೀಯಲ್ಲ, ನಡುಗ್ತಾ ಇವ್ನಿ ಕಣೇ!"

"ಒಸಿ ತಡ್ಕಳಿ. ಬತ್ತಿ ಹತ್ಕತಾ ಅದೆ."

"ನಿಧಾನಕ್ಕೇ ಹಚ್ಚು. ನಾನು ಸೆಟ್ಕಂಡ್ ಮೇಲೆ ಎತ್ಕಂಡೋಗಿ ಒಲೆ ಮುಂದೆ ಮಡಗು."

ಅಷ್ಟರಲ್ಲಿ ಅವರು ಬಾಗಿಲ ಪಕ್ಕದ ಕಲ್ಲಿನ ಮೇಲೆ ನಿಂತು, ನಾನು ಬಕೆಟ್ಟಿನಲ್ಲಿ ತೋಡಿಟ್ಟ ಬಿಸಿನೀರಿನಲ್ಲಿ ಕಾಲು ತೊಳೆಯುತ್ತಿದ್ದರು. ಆಮೇಲೆ ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿ, ಅದರ ತಳವನ್ನು ಬೆರಳ ಉಂಗುರದಿಂದ ಟಕಟಕ ಬಡಿಯುತ್ತಿದ್ದರು. ನನ್ನದಾಯಿತು, ಇನ್ನು ತೆಗಿ ಎಂದು ಅರ್ಥ. ಮನೆಯಲ್ಲಿ ಬೇರೆ ಯಾರಿಗೂ ಆ ಅಭ್ಯಾಸವಿರಲಿಲ್ಲ.

ಒಳಗೆ ಬಂದರೆ ಒಲೆಯ ಮುಂದೆ ನನ್ನ ಜೊತೆ ನೆನೆಸಿದ ಅವರೆಕಾಳು ಹಿತುಕಲು ಕೂರುತ್ತಿದ್ದರು. ಅವರು ಹಿತುಕಿದ ಕಾಳು ತಟ್ಟೆಗೆ ಬೀಳುವುದಕ್ಕಿಂತ ಒಲೆಗೆ ಹಾರುವುದೇ ಹೆಚ್ಚು. ಹೊರಗೆ ಮಂಜು, ಒಳಗೆ ಸಾರು ಕುದಿಯುವ ವಾಸನೆ. "ಬೇಗ ಕತ್ಲಾಗೋದು ನಮ್ಮಂಗೆ ಗೇಯೋರ್ಗೆ ದ್ಯಾವ್ರು ಕೊಟ್ಟ ರಜಾ ಕಣಮ್ಮಿ" ಎನ್ನುತ್ತಿದ್ದರು. ನನ್ನ ಸಂಸಾರದ ಸುಖವೆಲ್ಲ ಆ ಸಂಜೆಗಳಲ್ಲೇ ಇತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದಕ್ಕೆ ಸುಖ ಎಂಬ ಹೆಸರಿದೆ ಎಂದು ಗೊತ್ತಿರಲಿಲ್ಲ.

ಒಂದು ಆಷಾಢದಲ್ಲಿ, ಎದೆ ಹಿಡಿದಂತಾಗಿದೆ ಎಂದು ಬೆಳಿಗ್ಗೆ ನಿಮ್ಮಪ್ಪನ ಜೊತೆ ಹುಣಸೂರಿನ ಆಸ್ಪತ್ರೆಗೆ ಹೊರಟರು. "ಸಂಜೆಗೆ ಬತ್ತೀನಿ, ನೀರು ಕಾಯ್ಸಿರು" ಎಂದರು. ಕಾಯಿಸಿಟ್ಟೆ. ನೀರು ಆರಿತು. ಮಾರನೆಯ ದಿನ ಅವರನ್ನು ಮುಂಬಾಗಿಲಿಗೆ ತಂದು ಜಗಲಿಯ ಮೇಲೆ ಮಲಗಿಸಿದರು. ಬೆರಳಿನ ಉಂಗುರ ಬಿಚ್ಚಿ ಯಾರೋ ನನ್ನ ಕೈಗೆ ಕೊಟ್ಟರು. ಅದನ್ನು ಪೆಟ್ಟಿಗೆಯಲ್ಲಿಟ್ಟೆ.

ಸೂತಕ ಕಳೆದರೂ ಸಂಜೆ ನೀರು ತೋಡಿಡುವುದನ್ನು ಬಿಡಲಾಗಲಿಲ್ಲ. ನಿಮ್ಮಮ್ಮ ಆ ನೀರಿನಲ್ಲಿ ಪಾತ್ರೆ ತೊಳೆದುಕೊಳ್ಳುತ್ತಿದ್ದಳು.

ಅದೇ ವರ್ಷ ಚಳಿ ಶುರುವಾದ ಹೊಸತು. ನಿಮ್ಮಪ್ಪ ಅಮ್ಮ ನೆಂಟರ ಮನೆಯ ನಾಮಕರಣಕ್ಕೆಂದು ಕೆ.ಆರ್. ನಗರಕ್ಕೆ ಹೋಗಿದ್ದರು. ನಾನೊಬ್ಬಳೇ ಇರುತ್ತೇನೆಂದು ನನ್ನ ಓರಗಿತ್ತಿ ಪುಟ್ಟತಾಯಮ್ಮ ಬಂದಿದ್ದಳು. ಇಬ್ಬರೂ ಕಾಳು ಹಿತುಕುತ್ತಾ ಕೂತಿದ್ದೆವು. ಮಾತಾಡುತ್ತಿದ್ದ ಹಾಗೇ ಕಿಟಕಿ ಕಪ್ಪಾಯಿತು. ನಾನೆದ್ದು ಹಿತ್ತಿಲ ಬಾಗಿಲು ಹಾಕಿ, ಮುಂಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ.

"ಅಕ್ಕ, ಹಿತ್ಲಲ್ಲಿ ಯಾರೋ ಕಾಲು ತೊಳೀತಾವ್ರೆ" ಎಂದಳು ಪುಟ್ಟತಾಯಮ್ಮ.

ನನಗೂ ನೀರಿನ ಸದ್ದು ಕೇಳಿತ್ತು. ಅದು ನಿಂತಿತು. ಆಮೇಲೆ ಟಕಟಕ.

ಹೆದರಿಕೆ ಆಗಲಿಲ್ಲ. ಏನೂ ಯೋಚಿಸದೆ, ನಾಲಿಗೆಗೆ ರೂಢಿಯಾದ ಮಾತನ್ನೇ ಆಡಿದೆ: "ಒಸಿ ತಡ್ಕಳಿ. ಬತ್ತಿ ಹತ್ಕತಾ ಅದೆ."

ನನ್ನ ದನಿ ನನಗೆ ಕೇಳಿದ ಮೇಲೆ, ಗೀರಿದ ಕಡ್ಡಿಯನ್ನು ಬತ್ತಿಗೆ ಹಿಡಿಯುವುದನ್ನೇ ಮರೆತೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ. ದೀಪ ಹತ್ತಿತು. ಕೈಯನ್ನೂ ಮುಗಿದೆ. ಆಮೇಲೆ ಓಡಿ ಹೋಗಿ ಬಾಗಿಲು ತೆಗೆದೆ.

ಯಾರೂ ಇರಲಿಲ್ಲ. ಬ್ಯಾರನ್ನಿನ ಆಚೆಗೆ ಮಂಜು ಕೂತಿತ್ತು. ಕಾಲು ತೊಳೆಯುವ ಕಲ್ಲು ಒದ್ದೆಯಾಗಿ ಸಣ್ಣಗೆ ಆವಿಯಾಡುತ್ತಿತ್ತು. ನಾನು ಬಕೆಟ್ಟಿನ ನೀರಿನಲ್ಲಿ ತೇಲಬಿಟ್ಟಿದ್ದ ಚೊಂಬು ಕಲ್ಲಿನ ಮೇಲೆ ಬೋರಲಾಗಿತ್ತು. ಮುಟ್ಟಿದೆ. ಬೆಚ್ಚಗಿತ್ತು.

ಮಾರನೆಯ ದಿನ ಅಕ್ಕಪಕ್ಕದವರನ್ನೂ ಕೆಲಸದ ಆಳುಗಳನ್ನೂ ಸುಮ್ಮನೆ ವಿಚಾರಿಸುವಂತೆ ವಿಚಾರಿಸಿದೆ. ನಮ್ಮ ಹಿತ್ತಿಲಿಗೆ ಯಾರೂ ಬಂದಿರಲಿಲ್ಲ. ದಾರಿಹೋಕರು ಯಾರೋ ಕಾಲು ತೊಳೆದು ಹೋಗಿರಬಹುದು. ಆದರೆ ದಾರಿಹೋಕರು ಚೊಂಬು ಬೋರಲು ಹಾಕಿ ಅದರ ತಳ ಬಡಿಯುತ್ತಾರೆಯೇ? ಉಂಗುರವಂತೂ ಪೆಟ್ಟಿಗೆಯಲ್ಲಿಟ್ಟ ಹಾಗೆಯೇ ಇತ್ತು. ಪುಟ್ಟತಾಯಮ್ಮ ಮಾತ್ರ, "ಇಬ್ರೂ ಕೇಳ್ದೋ ಕಣಕ್ಕ, ಅಷ್ಟೇಯ. ಯಾರ್ಗೂ ಹೇಳಕ್ಕೋಗ್ಬ್ಯಾಡ" ಎಂದಳು. ಅವಳೂ ಈಗ ಇಲ್ಲ. ಕೇಳಿದವಳು ನಾನೊಬ್ಬಳೇ ಉಳಿದಿದ್ದೇನೆ.

ಅದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಂಬುತ್ತೇನೆ ಎನ್ನಲಾರೆ, ಇಲ್ಲ ಎಂದೂ ಹೇಳಲಾರೆ. ಆ ಸದ್ದು ಮತ್ತೆ ಒಂದು ಸಲವೂ ಬರಲಿಲ್ಲ. ಬಂದವರು ಅವರೇ ಆಗಿದ್ದರೆ, ಅಷ್ಟು ದೂರದಿಂದ ಆ ಚಳಿಯಲ್ಲಿ ಬಂದವರಿಗೆ ತಡೆದುಕೊಳ್ಳಿ ಎಂದೆನಲ್ಲ ಎಂಬುದೊಂದೇ ನನ್ನನ್ನು ಕೊರೆಯುತ್ತದೆ.

ಹೊತ್ತು ಬೇಗ ಮುಳುಗುವ ದಿನಗಳು ಮತ್ತೆ ಬಂದಿವೆ. ಅವರೆಕಾಯಿ ಸೊಗಡು ಮನೆ ತುಂಬಿದೆ. ನೀವೆಲ್ಲ ಒಲೆಯ ಮುಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತೀರಿ. ಅದನ್ನು ನೋಡಲು ನನಗೆ ಬಲು ಇಷ್ಟ. ಹಿಂದಿನಿಂದ ತಣ್ಣನೆ ಗಾಳಿ ಬೀಸುತ್ತದೆ ಎಂದು ಗೊಣಗುತ್ತೀರಿ, ಅದೂ ಗೊತ್ತು. ಚಿನ್ನು, ಚಳಿಯಾದರೆ ನನ್ನ ಶಾಲು ಹೊದ್ದುಕೋ. ಬಾಗಿಲು ಮಾತ್ರ ಹಾಕಬೇಡ.